ಒಳಗಿನ ಹಿಡಿ

ಫೆಬ್ರವರಿ 3

ಪ್ರೀತಿಯ ಮರಿ,

ಇವತ್ತು ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ಅಂಗಡಿಯಲ್ಲಿ ಕೂತು ಒಂದು ಬಾಗಿಲಿಗೆ ಜಿಪ್ ಹೊಲಿಯುತ್ತಿದ್ದೆ. ಬಾಗಿಲೆಂದರೆ ನಿಜವಾದ ಕಬ್ಬಿಣದ ಬಾಗಿಲು, ಆದರೂ ಸೂಜಿ ಬೆಣ್ಣೆಯೊಳಗೆ ಹೋದ ಹಾಗೆ ಹೋಗುತ್ತಿತ್ತು. ಒಳಗಿನಿಂದ ನೀನು "ಅಕ್ಕಾ, ಬೇಗ ಬೇಗ" ಅನ್ನುತ್ತಿದ್ದೆ. ಹೊಲಿದು ಮುಗಿಸಿ ನೋಡಿದರೆ ಜಿಪ್ ಎಳೆಯುವ ನಾಲಿಗೆ ನನ್ನ ಕಡೆ ಮಾತ್ರ ಇದೆ, ನಿನ್ನ ಕಡೆಗೆ ಹಾಕುವುದನ್ನೇ ಮರೆತಿದ್ದೇನೆ. ನನ್ನ ಕಡೆಯದನ್ನು ಎಳೆದೆ, ಅದು ಕಿತ್ತು ಕೈಗೆ ಬಂತು. ಅಷ್ಟಕ್ಕೇ ಎಚ್ಚರವಾಯಿತು.

ಕನಸಿಗೆ ಅರ್ಥ ಹುಡುಕಬೇಡ ಅನ್ನುತ್ತೀಯ. ಹುಡುಕುವುದು ಏನಿದೆ, ಎಲ್ಲಾ ನೀನು ಕಳಿಸಿದ ಪುಸ್ತಕದ ಪ್ರಸಾದ. ದುಡ್ಡು ಕೊಟ್ಟು ಯಾರಾದರೂ ಹೆದರಿಕೆ ಕೊಳ್ಳುತ್ತಾರಾ ಮಾರಾಯ, ನನ್ನ ಹತ್ತಿರ ಅದು ಬಿಟ್ಟಿಯಾಗಿ ಮನೆ ತುಂಬ ಇದೆ. ನಾನು ಓದುವುದು ಗಂಡ ಹೆಂಡತಿ ಜಗಳವಾಡಿ ಕೊನೆಗೆ ಒಂದಾಗುವ ಕಥೆ, ಅದನ್ನೂ ಕೊನೆಯ ಪುಟ ನೋಡಿಯೇ ಶುರು ಮಾಡುವವಳು. ಅದು ಗೊತ್ತಿದ್ದೇ ನೀನು ಕೊನೆಯ ಹಾಳೆಗಳಿಗೆ ಸ್ಟೇಪಲ್ ಪಿನ್ ಹೊಡೆದು ಕಳಿಸಿದ್ದೀಯ. ದಿನವಿಡೀ ಬೇರೆಯವರ ಹೊಲಿಗೆ ಬಿಚ್ಚಿ ಹೊಟ್ಟೆ ಹೊರೆಯುವವಳಿಗೆ ನಿನ್ನ ಪಿನ್ ಯಾವ ಲೆಕ್ಕ. ಬಿಚ್ಚಿದೆ. ಓದಿದೆ. ತಲೆಬುಡ ಗೊತ್ತಾಗಲಿಲ್ಲ, ಹಾಗಾಗಿ ಮೊದಲಿನಿಂದ ಶುರು ಮಾಡಬೇಕಾಯಿತು.

"ನಾನು ಕೆಲಸ ಮಾಡುವಂಥ ಜಾಗದ ಕಥೆ, ಓದಿದರೆ ನಾನು ಎಲ್ಲಿದ್ದೇನೆ ಅಂತ ಗೊತ್ತಾಗುತ್ತೆ" ಅಂತ ಬರೆದಿದ್ದೆಯಲ್ಲ, ಆ ಒಂದು ಮಾತಿಗೆ ಓದುತ್ತಿದ್ದೇನೆ. ಇಸ್ತ್ರಿ ಪೆಟ್ಟಿಗೆ ಕಾಯುವಷ್ಟು ಹೊತ್ತಿಗೆ ಒಂದು ಪುಟ ಆಗುತ್ತದೆ. ಆರನೇ ಕ್ಲಾಸು ಅರ್ಧಕ್ಕೆ ಬಿಟ್ಟವಳು ನಾನು, ದೊಡ್ಡ ಪದ ಬಂದರೆ ನೀರು ನಿಂತ ಗುಂಡಿ ದಾಟುವ ಹಾಗೆ ದಾಟಿಕೊಂಡು ಹೋಗುತ್ತೇನೆ. ಅಂಗಡಿ ಯಜಮಾನಿ ನೋಡಿ, "ದೆವ್ವದ ಕಥೆ ಓದೋ ಮುಖಾನಾ ಇದು? ಜಿರಲೆ ಕಂಡ್ರೆ ಕುರ್ಚಿ ಹತ್ತೋಳು" ಅಂದರು.

ನಿಜ ಹೇಳಲಾ, ಆ ದೆವ್ವ ನನಗೆ ಏನೂ ಮಾಡಲಿಲ್ಲ. ಮಂಜುಗಡ್ಡೆ ಗೋದಾಮಿನ ಒಳಗಿನಿಂದ ಯಾರೋ ಮೂರು ಸಲ ಬಡಿಯುತ್ತಾರೆ, ನಿಲ್ಲಿಸಿ ಇನ್ನೊಂದು ಸಲ ಬಡಿಯುತ್ತಾರೆ, ಬಾಗಿಲು ತೆಗೆದವನು ಮಾಯವಾಗುತ್ತಾನೆ. ಆಗಲಿ, ಅದು ಬರೆದವರ ಹೊಟ್ಟೆಪಾಡು. ಆದರೆ ಮಧ್ಯದಲ್ಲಿ ಒಂದು ಸಾಲು ಇದೆ, "ಆ ಬಾಗಿಲಿಗೆ ಒಳಗಿನಿಂದ ಹಿಡಿ ಇರಲಿಲ್ಲ" ಅಂತ. ಅಲ್ಲಿ ನನ್ನ ಕೈ ನಿಂತಿತು. ಇಸ್ತ್ರಿ ಪೆಟ್ಟಿಗೆ ಒಬ್ಬರ ಪ್ಯಾಂಟಿನ ಮೇಲೇ ಉಳಿದು ಕಲೆಯಾಯಿತು, ಅದರ ಕಥೆ ಬೇರೆ.

ಮರಿ, ನಿಮ್ಮ ಕೋಲ್ಡ್ ಸ್ಟೋರೇಜಿನ ಬಾಗಿಲಿಗೆ ಒಳಗಿನಿಂದ ಹಿಡಿ ಇದೆಯಾ? ಇದ್ದರೆ ತಿರುಗುತ್ತದಾ? ಬಾಯಿಮಾತಿನಲ್ಲಿ ಬೇಡ, ಒಳಗೆ ನಿಂತು ಕೈಯಿಂದ ತಿರುಗಿಸಿ ನೋಡಿ ಬರಿ. "ಅಕ್ಕನ ಫೋನ್ ಬಂದಷ್ಟು ಹೊತ್ತಿನ ಸಂಬಳ ಅಕ್ಕನೇ ಕೊಡಲಿ" ಅಂತ ನಿಮ್ಮ ಸೂಪರ್‌ವೈಸರ್ ಅಂದ ಮೇಲೆ ಫೋನ್ ಮಾಡುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ. ಅದನ್ನು ಉಳಿಸಿಕೊಳ್ಳುವ ಹಾಗೆ ಬೇಗ ಉತ್ತರ ಬರಿ.

ನಿನ್ನ ಅಕ್ಕ


ಫೆಬ್ರವರಿ 9

ಅಕ್ಕ,

ದೆವ್ವದ ಕಾದಂಬರಿ ಕೊಟ್ಟರೆ ಅದನ್ನು ಬಾಗಿಲು ರಿಪೇರಿ ಪುಸ್ತಕದ ಹಾಗೆ ಓದಿದವಳು ಇಡೀ ಲೋಕದಲ್ಲಿ ನೀನೊಬ್ಬಳೇ ಇರಬೇಕು. ನಿನ್ನ ಕಾಗದವನ್ನು ಕೋಣೆಯಲ್ಲಿ ಗಟ್ಟಿಯಾಗಿ ಓದಿದೆ. ಉದ್ದಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಉದ್ದಣ್ಣ ಗೊತ್ತಲ್ಲ, ನನ್ನ ಜೊತೆ ಕೋಣೆಯಲ್ಲಿರುವವನು, ಮೇಲಿನ ಅಟ್ಟಣಿಗೆಯ ಪೆಟ್ಟಿಗೆಗೂ ಏಣಿ ಬೇಡ ಅವನಿಗೆ. ನಕ್ಕು ಆದ ಮೇಲೆ, "ನಗೋದು ಇರ್ಲಿ, ಅಕ್ಕಾವ್ರು ಕೇಳಿದ್ದನ್ನ ನೋಡಿ ಬರಿ ಕಣೋ" ಅಂದ.

ಹಿಡಿ ಇದೆ ತಾಯಿ. ಹಸಿರು ಬಣ್ಣದ್ದು, ಒಳಗಡೆ, ಎದೆ ಎತ್ತರಕ್ಕೆ. ಒಳಗೆ ನಿಂತು ತಿರುಗಿಸಿ ನೋಡಿದೆ. ಬಾಗಿಲು ತೆರೆಯಿತು. ಸಮಾಧಾನವಾಯಿತಾ?

ಇಲ್ಲಿ ಆ ಪುಸ್ತಕ ಕೈಯಿಂದ ಕೈಗೆ ಹೋಗಿ ಹರಿದೇ ಹೋಗಿದೆ, ಅದಕ್ಕೇ ನಿನಗೆ ಹೊಸದು ಕೊಂಡು ಕಳಿಸಿದ್ದು. ಈಗ ನಮ್ಮದೊಂದು ಹೊಸ ಆಟ ಶುರುವಾಗಿದೆ. ಯಾರಾದರೂ ಫ್ರೀಜರ್ ಒಳಗೆ ಹೋಗಿ ಮೂರು ಬಡಿದು, ತಡೆದು, ಒಂದು ಬಡಿಯುತ್ತಾರೆ. ಹೊರಗಿದ್ದವರು "ಬಂತು ಬಂತು, ತೆಗೀಬೇಡ್ರೋ" ಅಂತ ಕೂಗುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಒಳಗಿದ್ದವನು ತಾನೇ ಹಿಡಿ ತಿರುಗಿಸಿಕೊಂಡು ಬಟಾಣಿ ಪೆಟ್ಟಿಗೆ ಹೊತ್ತು ಹಲ್ಲು ಕಿರಿಯುತ್ತಾ ಬರುತ್ತಾನೆ. ಸಿಕ್ಕಿಕೊಂಡವರು ಒತ್ತಲಿ ಅಂತ ಒಳಗೆ ಒಂದು ಬೆಲ್ ಇತ್ತು, ಅದನ್ನೂ ಆಟಕ್ಕೆ ಒತ್ತಿ ಒತ್ತಿ, ತಲೆನೋವು ಅಂತ ಸೂಪರ್‌ವೈಸರ್ ಅದರ ತಂತಿ ಬಿಡಿಸಿ ಹಾಕಿದರು. ದಿನವಿಡೀ ಪೆಟ್ಟಿಗೆ ಎಣಿಸುವವರಿಗೆ ಇಷ್ಟಾದರೂ ನಗು ಬೇಡವಾ?

ಉದ್ದಣ್ಣ ಮಾತ್ರ ಈ ಆಟಕ್ಕೆ ಬರುವುದಿಲ್ಲ. ಪುಸ್ತಕವನ್ನೂ ಅರ್ಧಕ್ಕೆ ಬಿಟ್ಟ. "ನನಗೆ ಹೆಂಡ್ತಿನೇ ಸಾಕು ಹೆದರೋಕೆ" ಅನ್ನುತ್ತಾನೆ. ಹೆದರುಪುಕ್ಕಲರ ಸಂಘಕ್ಕೆ ನೀನು ಅಧ್ಯಕ್ಷೆ, ಅವನು ಕಾರ್ಯದರ್ಶಿ.

ನಿನ್ನ ಮರಿ


ಫೆಬ್ರವರಿ 14

ಮರಿ,

ಹಿಡಿ ಇದೆ ಅಂತ ಓದಿದಾಗ ಜೀವ ಬಂತು. ಅದರ ಕೆಳಗಿನ ಸಾಲು ಓದಿದಾಗ ಬಂದ ಜೀವ ಹೋಯಿತು.

ಒಂದು ಮಾತು ಹೇಳು. ತಮಾಷೆಗೆ ಬಡಿಯುವವನು, ನಿಜಕ್ಕೂ ಸಿಕ್ಕಿಕೊಂಡು ಬಡಿಯುವವನು, ಇಬ್ಬರಿಗೂ ಹೊರಗಿನವರ ಕಿವಿಗೆ ಏನು ವ್ಯತ್ಯಾಸ? ಬೆಲ್ ಕೂಡ ಇಲ್ಲ ಅನ್ನುತ್ತೀಯ. ಹಾಗಾದರೆ ನಿಮ್ಮಲ್ಲಿ ಬಡಿತ ಒಂದೇ ಗತಿ, ಆ ಬಡಿತವನ್ನೇ ನೀವು ನಗೆಪಾಟಲು ಮಾಡಿಟ್ಟಿದ್ದೀರಿ. ಪುಸ್ತಕದ ಜನ ಹೆದರಿ ಬಾಗಿಲು ತೆಗೆಯಲಿಲ್ಲ, ನೀವು ನಗುತ್ತಾ ತೆಗೆಯುವುದಿಲ್ಲ. ಒಳಗಿದ್ದವನಿಗೆ ಎರಡೂ ಒಂದೇ ಅಲ್ಲವಾ?

ತಲೆಯಲ್ಲಿ ಇದೇ ಕೊರೆಯುತ್ತಿತ್ತು. ಪರೀಕ್ಷೆ ಮಾಡಿಯೇ ಬಿಡೋಣ ಅಂತ ಅಂಗಡಿಯ ಬಟ್ಟೆ ಬೀರುವಿನೊಳಗೆ ಹೋಗಿ ಕೂತೆ. ಮೊದಲು ತಮಾಷೆಯಾಗಿ ಬಡಿದೆ. ಆಮೇಲೆ ನಿಜವಾಗಿ ಸಿಕ್ಕಿಕೊಂಡಿದ್ದೇನೆ ಅಂದುಕೊಂಡು ಬಡಿದೆ. ಅಂದುಕೊಳ್ಳುತ್ತಾ ಅಂದುಕೊಳ್ಳುತ್ತಾ ನಿಜಕ್ಕೂ ಹೆದರಿ ಎರಡೂ ಕೈಯಲ್ಲಿ ಬಡಿದೆ. ಯಜಮಾನಿ ಬಾಗಿಲು ತೆಗೆದು, "ನಿನಗೆ ನಾನು ಸಂಬಳ ಕೊಡ್ತಿರೋದು ಬೀರುವಿನಲ್ಲಿ ಕೂರೋಕಾ?" ಅಂದರು. ಎರಡರಲ್ಲಿ ಯಾವುದು ನಿಜದ ಹಾಗೆ ಕೇಳಿಸಿತು ಅಂತ ಕೇಳಿದೆ. "ಎರಡೂ ಹುಚ್ಚರ ಹಾಗೇ ಕೇಳಿಸ್ತು" ಅಂದರು. ನೋಡಿದೆಯಾ.

ನಗು, ಪರವಾಗಿಲ್ಲ. ಆದರೆ ಆ ಆಟ ನಿಲ್ಲಿಸಿ. ಉಳಿದವರು ಕೇಳದಿದ್ದರೆ ನೀನಾದರೂ ಆಡಬೇಡ. ಯಾರು ಬಡಿದರೂ ತೆಗಿ. ತಮಾಷೆಯಾಗಿದ್ದರೆ ಒಂದು ಸಲ ಪೆದ್ದ ಅನ್ನಿಸಿಕೊಳ್ಳುತ್ತೀಯ, ಅಷ್ಟೇ ತಾನೇ. ಅಮ್ಮ ಹೋದ ಮೇಲೆ ನಿನಗೆ ಹೇಳುವವಳು ನಾನೊಬ್ಬಳೇ, ಅದಕ್ಕೇ ಇಷ್ಟು ಉದ್ದ ಬರೆಯುತ್ತೇನೆ. ಪುಸ್ತಕ ಮುಗಿಯಿತು. ಹಳೆ ಪೇಪರಿನಲ್ಲಿ ಸುತ್ತಿ ಮೇಲಿನ ಗೂಡಿನಲ್ಲಿಟ್ಟಿದ್ದೇನೆ. ಯಾರು ಕೇಳಿದರೂ ಕೊಡುವುದಿಲ್ಲ.

ಅಕ್ಕ


ಫೆಬ್ರವರಿ 20

ಅಕ್ಕ,

ಸಾಕು. ಅದೊಂದು ಪುಸ್ತಕ. ನಿನ್ನನ್ನು ಸ್ವಲ್ಪ ನಗಿಸೋಣ ಅಂತ ಕಳಿಸಿದೆ, ಹಗ್ಗ ಕೊಟ್ಟರೆ ನೀನು ಹಾವು ಮಾಡಿಕೊಂಡು ಕೂತಿದ್ದೀಯ. ಚಿಕ್ಕಂದಿನಲ್ಲೂ ಹೀಗೇ. ಮುಳುಗುತ್ತೀಯ ಅಂತ ಈಜು ಕಲಿಸಲಿಲ್ಲ, ಬೀಳುತ್ತೀಯ ಅಂತ ಸೈಕಲ್ ಕಲಿಸಲಿಲ್ಲ. ಈಗ ನನಗೆ ಇಪ್ಪತ್ತಾರು ವರ್ಷ. ಹಿಡಿ ನೋಡಿದ್ದೇನೆ ಅಂತ ಬರೆದ ಮೇಲೆ ನಂಬಬೇಕು.

ಬೇಜಾರು ಮಾಡಿಕೊಳ್ಳಬೇಡ. ಕೆಲಸ ಜಾಸ್ತಿ ಇದೆ. ಕೆಳಗೆ ಉದ್ದಣ್ಣ ಏನೋ ಬರೆಯುತ್ತಾನಂತೆ, ಪೆನ್ನು ಕಿತ್ತುಕೊಳ್ಳುತ್ತಿದ್ದಾನೆ.

ಅಕ್ಕಾವ್ರೇ ನಮಸ್ಕಾರ. ಇವನ ಮಾತಿಗೆ ಬೇಸರ ಮಾಡ್ಕೋಬೇಡಿ, ನಿಮ್ಮ ಕಾಗದ ಬಂದ ದಿನ ಎರಡು ತುತ್ತು ಜಾಸ್ತಿ ತಿಂತಾನೆ. ನೀವು ಹೇಳಿದ್ದು ಸರಿ ಇದೆ. ಇನ್ನು ಮುಂದೆ ಯಾರು ಬಡಿದರೂ ನಾನಂತೂ ತೆಗೀತೀನಿ. ನನ್ನ ಹಳೆ ಕೋಟಿನ ಜಿಪ್ ಹೋಗಿದೆ, ಇವನು ಊರಿಗೆ ಬರುವಾಗ ಕಳಿಸಿದ್ರೆ ಹಾಕಿ ಕೊಡ್ತೀರಾ? ಇಂತಿ ಉದ್ದಣ್ಣ.


ಮಾರ್ಚ್ 1

ಮರಿ,

ಸಿಟ್ಟಾಗಿದ್ದೀಯ ಅಂತ ಗೊತ್ತು, ಅದಕ್ಕೇ ಈ ಸಲ ಬಾಗಿಲಿನ ಸುದ್ದಿ ಎತ್ತುವುದಿಲ್ಲ. ಉದ್ದಣ್ಣನ ಕೋಟಿಗೆ ಗಟ್ಟಿ ಜಿಪ್ ತೆಗೆದಿಟ್ಟಿದ್ದೇನೆ, ಹಿತ್ತಾಳೆಯದು. ಅದರ ಉದ್ದ ಅಳತೆ ಮಾಡಿ ಬರಿ. ನನ್ನ ಬಲಗಣ್ಣು ಅದುರುತ್ತಿದೆ. ಹೊಲಿಗೆ ಜಾಸ್ತಿಯಾಗಿ ಇರಬೇಕು, ಬೇರೇನೂ ಇರಲಿಕ್ಕಿಲ್ಲ.

ಅಕ್ಕ


ಮಾರ್ಚ್ 8

ಮರಿ,

ಮಾತು ಮುರಿದು ಫೋನ್ ಮಾಡಿದೆ. ಸ್ವಿಚ್ ಆಫ್. ಆಫೀಸಿಗೆ ಮಾಡಿದರೆ ಒಬ್ಬಳು ಹುಡುಗಿ, "ಎಲ್ಲಾ ಸರಿ ಇದೆ, ಆದ್ರೆ ಅವ್ರು ಈಗ ಆಸ್ಪತ್ರೆಯಲ್ಲಿ" ಅಂದಳು, ಲೈನ್ ಕಟ್ಟಾಯಿತು. ಎಲ್ಲಾ ಸರಿ ಇದ್ದರೆ ಆಸ್ಪತ್ರೆ ಯಾಕೆ? ಆಮೇಲೆ ಎಷ್ಟು ಸಲ ಮಾಡಿದರೂ ಎಂಗೇಜ್.

ಒಳಗೆ ಸಿಕ್ಕಿಕೊಂಡೆಯಾ? ಕೈ ಸರಿ ಇದೆಯಾ? ಬರೆಯಲು ಆಗದಿದ್ದರೆ ಉದ್ದಣ್ಣನ ಕೈಯಲ್ಲಿ ಬರೆಸು. ಬೈಯುವುದಿಲ್ಲ. ಹೇಳಿದ್ದೆ ಅಂತ ಒಂದು ಸಲವೂ ಅನ್ನುವುದಿಲ್ಲ. ಒಂದೇ ಸಾಲು ಬರಿ. ಒಂದು ವಾರದೊಳಗೆ ಬರದಿದ್ದರೆ ಬಸ್ ಹತ್ತಿ ಬರುತ್ತೇನೆ, ದಾರಿ ಗೊತ್ತಿಲ್ಲದಿದ್ದರೂ.

ಅಕ್ಕ


ಮಾರ್ಚ್ 11

ಅಕ್ಕ,

ನಾನು ಚೆನ್ನಾಗಿದ್ದೇನೆ. ನನಗೆ ಏನೂ ಆಗಿಲ್ಲ. ಬರಬೇಡ.

ಉದ್ದಣ್ಣ ಫ್ರೀಜರ್ ಒಳಗೆ ಸಿಕ್ಕಿಕೊಂಡಿದ್ದ. ಊಟದ ಹೊತ್ತಿನಲ್ಲಿ. ನಾನು ಹೋಗಿ ಬಾಗಿಲು ತೆಗೆದೆ. ಜೀವಕ್ಕೆ ಅಪಾಯ ಇಲ್ಲ ಅಂದಿದ್ದಾರೆ ಡಾಕ್ಟರು. ಬಲಗೈಯ ಎರಡು ಬೆರಳಿನ ತುದಿ ಕಪ್ಪಾಗಿದೆ, ಉಳಿಯುತ್ತದೋ ಇಲ್ಲವೋ ನೋಡಬೇಕು. ಅವನ ಹೆಂಡತಿ ಬಂದಿದ್ದಾರೆ. ನಾನೂ ಆಸ್ಪತ್ರೆಯಲ್ಲೇ ಇರುತ್ತೇನೆ. ಅವನು ಹೆಚ್ಚು ಮಾತಾಡುವುದಿಲ್ಲ, ನಾನು ಹೋದರೆ ಗೋಡೆ ಕಡೆ ತಿರುಗಿ ಮಲಗುತ್ತಾನೆ. ಔಷಧಿಯ ಮಂಪರು.

ಕಾಗದ ತಡವಾದರೆ ಗಾಬರಿಯಾಗಬೇಡ.

ಮರಿ


ಮಾರ್ಚ್ 15

ನನ್ನ ಬಂಗಾರ,

ಕಾಗದವನ್ನು ಕಣ್ಣಿಗೊತ್ತಿಕೊಂಡೆ. ಆ ಪಾಪದ ಮನುಷ್ಯನ ಬೆರಳು ನೆನೆದರೆ ಊಟ ಇಳಿಯುವುದಿಲ್ಲ, ಆದರೆ ಸುಳ್ಳು ಯಾಕೆ ಹೇಳಲಿ, ನೀನಲ್ಲ ಅಂತ ತಿಳಿದಾಗ ಮೊದಲು ಉಸಿರು ಬಿಟ್ಟೆ, ಆಮೇಲೆ ಅವನಿಗಾಗಿ ಅತ್ತೆ.

ನೀನು ತೆಗೆದೆಯಲ್ಲ, ಅಷ್ಟು ಸಾಕು. ಎಲ್ಲರೂ ಆಟ ಅಂದುಕೊಂಡಿರುತ್ತಾರೆ, ನೀನೊಬ್ಬ ಅಕ್ಕನ ಮಾತು ನೆನೆದು ತೆಗೆದೆ. ನನ್ನ ಹೆದರಿಕೆ ಜನ್ಮದಲ್ಲಿ ಒಂದು ಸಲವಾದರೂ ಕೆಲಸಕ್ಕೆ ಬಂತು. ಅಂಗಡಿಯಲ್ಲಿ ಎಲ್ಲರಿಗೂ ಹೇಳಿದೆ. ಬೀರುವಿನ ವಿಷಯಕ್ಕೆ ಬೈದಿದ್ದ ಯಜಮಾನಿ, "ನಿನ್ನ ತಮ್ಮ ಒಂದು ಮನೆ ಉಳಿಸಿದ ಬಿಡು" ಅಂದರು. ಅವತ್ತು ಬಂದ ಗಿರಾಕಿಗಳಿಗೂ ಹೇಳಿದೆ, ಗುಂಡಿ ಹಾಕಿಸಲು ಬಂದವರು ಪೂರ್ತಿ ಕಥೆ ಕೇಳಿಕೊಂಡೇ ಹೋಗಬೇಕಾಯಿತು.

ಅವನ ಹೆಂಡತಿಗೆ ಧೈರ್ಯ ಹೇಳು. ಒಂದು ಮಾತ್ರ ನನಗೆ ಅರ್ಥವಾಗಲಿಲ್ಲ. ಒಳಗಿನ ಹಿಡಿ ಸರಿ ಇತ್ತಲ್ಲ, ನೀನೇ ತಿರುಗಿಸಿ ನೋಡಿದ್ದೆ. ಮತ್ತೆ ಅವನು ಯಾಕೆ ಹೊರಗೆ ಬರಲಿಲ್ಲ? ಸಮಯ ಸಿಕ್ಕಾಗ ಬರಿ, ಅವಸರವಿಲ್ಲ.

ನಿನ್ನ ಅಕ್ಕ


ಮಾರ್ಚ್ 22

ಅಕ್ಕ,

ಇನ್ನು ಯಾರಿಗೂ ಹೇಳಬೇಡ. ಹೇಳಿದವರ ಹತ್ತಿರ ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ, ಇನ್ನು ಮೇಲಾದರೂ ಹೇಳಬೇಡ.

ನಾನು ಹಿಡಿ ತಿರುಗಿಸಿ ನೋಡಿರಲಿಲ್ಲ. ಆಟದಲ್ಲಿ ಉಳಿದವರು ತಿರುಗಿಸುತ್ತಾರಲ್ಲ ಅಂದುಕೊಂಡು, ನೋಡಿದೆ ಅಂತ ಸುಮ್ಮನೆ ಬರೆದೆ. ಉದ್ದಣ್ಣ ಅವತ್ತೇ ಕೇಳಿದ, "ನೋಡಿದೆಯೇನೋ?" ಅಂತ. ಅವನಿಗೂ ಹೂಂ ಅಂದೆ. ಅವನು ಸಿಕ್ಕಿಕೊಂಡ ದಿನ ಹಿಡಿಯ ಬುಡದಲ್ಲಿ ಮಂಜು ಕಟ್ಟಿಕೊಂಡು ಕಲ್ಲಾಗಿತ್ತಂತೆ. ಗ್ಲೌಸ್‌ನಲ್ಲಿ ಹಿಡಿತ ಸಿಗದೆ ಉದ್ದಣ್ಣ ಬಲಗೈಯದನ್ನು ಕಳಚಿ ಬರಿಗೈಯಲ್ಲಿ ತಿರುಗಿಸಲು ನೋಡಿದ್ದಾನೆ. ಬೆರಳು ಹೋಗಿದ್ದು ಹಾಗೆ.

ಇಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ.

ಅವನು ಬಡಿದದ್ದು ನನಗೆ ಕೇಳಿಸಿತು. ಊಟದ ಬೆಲ್ ಆಗಿ ಉಳಿದವರೆಲ್ಲ ಹೊರಟಿದ್ದರು, ನಾನು ಆ ಬಾಗಿಲಿನ ಮುಂದೆಯೇ ಹೋಗುತ್ತಿದ್ದೆ. ಮೂರು ಮತ್ತು ಒಂದಲ್ಲ, ಸುಮ್ಮನೆ ಬಡಿತ, ಬಿಡದ ಹಾಗೆ. ಒಳಗಿರುವುದು ಉದ್ದಣ್ಣ ಅಂತ ಗೊತ್ತಿತ್ತು. ಅವನು ಒಂದು ದಿನವೂ ಆ ಆಟ ಆಡಿದವನಲ್ಲ ಅಂತಲೂ ಗೊತ್ತಿತ್ತು. ಕೊನೆಗೂ ಇವನೂ ಆಟಕ್ಕೆ ಬಂದನಲ್ಲ ಅಂತ ನನಗೆ ಖುಷಿಯಾಯಿತು ಅಕ್ಕ. ನಕ್ಕೆ. ಬಾಗಿಲಿನ ಸಂದಿಗೆ ಬಾಯಿಟ್ಟು, "ಈಗ ಊಟದ ಹೊತ್ತು, ನಾಳೆ ಬಾ" ಅಂದೆ. ಬಡಿತ ನಿಂತಿತು. ಅವನೂ ನಗುತ್ತಿರಬೇಕು ಅಂದುಕೊಂಡು ಹೋದೆ.

ಊಟದ ಮೇಜಿನ ಮೇಲೆ ಅವನ ಡಬ್ಬಿ ಮುಚ್ಚಿದ ಹಾಗೇ ಇತ್ತು. ನಾನು ಪೂರ್ತಿ ಊಟ ಮಾಡಿ ಕೈ ತೊಳೆದೆ. ಆಗಲೂ ಆ ಡಬ್ಬಿ ಹಾಗೇ ಇತ್ತು. ಆಮೇಲೆ ಓಡಿದೆ.

ಈಗ ಎಲ್ಲರೂ ನನ್ನ ಬೆನ್ನು ತಟ್ಟುತ್ತಾರೆ. ಸೂಪರ್‌ವೈಸರ್ ನಾಲ್ಕು ಜನರ ಮುಂದೆ ಹೊಗಳಿದರು. ಬೆಲ್ಲಿನ ತಂತಿ ಮತ್ತೆ ಹಾಕಿಸಿದ್ದಾರೆ, ಹಿಡಿಯೂ ಹೊಸದು. ಉದ್ದಣ್ಣನ ಹೆಂಡತಿ ನನ್ನ ಎರಡೂ ಕೈ ಹಿಡಿದುಕೊಂಡು, "ನೀನು ಇಲ್ಲದಿದ್ದರೆ ಇವರು ಇರ್ತಿರ್ಲಿಲ್ಲಪ್ಪ" ಅಂದರು. ಆ ಕೈ ಬಿಡಿಸಿಕೊಳ್ಳುವುದು ಹೇಗೆ ಅಂತ ತಿಳಿಯಲಿಲ್ಲ. ಅದರ ಮೇಲೆ ನಿನ್ನ ಕಾಗದ ಬಂತು, ಬಂಗಾರ ಅಂತ.

ಉದ್ದಣ್ಣನಿಗೆ ಇದು ಗೊತ್ತಿಲ್ಲ. ದಪ್ಪ ಬಾಗಿಲು, ಅವನಿಗೆ ಕೇಳಿಸಿರಲು ಸಾಧ್ಯವಿಲ್ಲ. ಯಾರಿಗೂ ಗೊತ್ತಿಲ್ಲ, ಈಗ ನಿನ್ನೊಬ್ಬಳಿಗೆ. ಹೇಳಿದರೆ ಅವನಿಗೆ ಬೆರಳು ಬರುತ್ತದಾ? ಸುಮ್ಮನೆ ಇರುವುದೇ ಎಲ್ಲರಿಗೂ ಒಳ್ಳೆಯದು ಅನ್ನಿಸುತ್ತದೆ. ನೀನು ಒಂದು ಸಲ ಹೂಂ ಅಂದುಬಿಡು, ನಾನು ನಿದ್ದೆ ಮಾಡುತ್ತೇನೆ.

ಮರಿ


ಮಾರ್ಚ್ 27

ಮರಿ,

ನಿನ್ನ ಕಾಗದ ಬಂದು ಎರಡು ದಿನವಾಯಿತು. ಉತ್ತರ ಬರೆಯಲು ಕೂತು ಹರಿದೆ, ಮತ್ತೆ ಕೂತು ಹರಿದೆ. ಒಂದರಲ್ಲಿ ಹೂಂ ಅಂತ ಬರೆದಿದ್ದೆ. ಅದನ್ನೂ ಹರಿದೆ.

ಆ ದೆವ್ವದ ಪುಸ್ತಕದಲ್ಲಿ ಒಂದು ಪುಟಕ್ಕೂ ಬಾರದ ಹೆದರಿಕೆ ನಿನ್ನ ಒಂದೂವರೆ ಹಾಳೆಗೆ ಬಂತು. ಯಾಕೆ ಅಂತ ಹುಡುಕಿಕೊಂಡೆ. ಇಷ್ಟು ದಿನ ನೀನು ಬಾಗಿಲಿನ ಒಳಗಿರುತ್ತೀಯ ಅಂತಲೇ ಹೆದರಿದೆ. ಹೊರಗಿರುತ್ತೀಯ ಅಂತ ಒಂದು ಸಲವೂ ಹೆದರಲಿಲ್ಲ. ನೀರು, ಬೆಂಕಿ, ಸೈಕಲ್ಲು, ರಸ್ತೆ, ನಿನಗೆ ಏನೇನು ಆಗಬಹುದು ಅಂತ ಎಲ್ಲಾ ಯೋಚಿಸಿದ್ದೆ. ನಿನ್ನಿಂದ ಏನಾಗಬಹುದು ಅಂತ ಯೋಚಿಸುವುದು ನನಗೆ ಹೊಳೆಯಲೇ ಇಲ್ಲ.

ನಿನ್ನನ್ನು ಕೆಟ್ಟವನು ಅಂತ ನಾನು ಅನ್ನುತ್ತಿಲ್ಲ. ಅಷ್ಟು ದಿನ ಎಲ್ಲರೂ ನಕ್ಕ ಕಡೆ ನೀನೂ ನಕ್ಕೆ. ಆದರೆ ಪರವಾಗಿಲ್ಲ ಅಂತಲೂ ನಾನು ಹೇಳಲಾರೆ, ಹೇಳಿದರೆ ಅದು ನೋಡದೆ ನೋಡಿದೆ ಅಂತ ಬರೆದ ಹಾಗೆ ಆಗುತ್ತದೆ. ಯಜಮಾನಿಗೆ ಇವತ್ತು ಬೆಳಿಗ್ಗೆಯೇ ಹೇಳಿದೆ, ನನ್ನ ತಮ್ಮನ ವಿಷಯದಲ್ಲಿ ನಾನು ಅವಸರಪಟ್ಟು ಏನೇನೋ ಹೇಳಿದೆ ಅಂತ. ಅವರು ಒಂದು ಲೋಟ ಚಹಾ ತಂದು ಮಿಷನ್ ಪಕ್ಕ ಇಟ್ಟರು.

ಈಗ ನಾನು ಕೇಳುವುದಕ್ಕೆ ಸಿಟ್ಟಾಗಬೇಡ. ಅವನಿಗೆ ಗೊತ್ತಿಲ್ಲ ಅನ್ನುತ್ತೀಯ. ದಪ್ಪ ಬಾಗಿಲು ಅನ್ನುತ್ತೀಯ. ಆದರೆ ಅವನ ಬಡಿತ ನಿನಗೆ ಕೇಳಿಸಿತಲ್ಲ, ಸದ್ದು ಹೊರಗೆ ಬಂದ ದಾರಿಯಲ್ಲಿ ಮಾತು ಒಳಗೆ ಹೋಗುವುದಿಲ್ಲವಾ? ನೀನು ನಾಳೆ ಬಾ ಅಂದ ಕೂಡಲೇ ಬಡಿತ ನಿಂತಿತು ಅಂತ ನೀನೇ ಬರೆದಿದ್ದೀಯ. ಉಸಿರು ಉಳಿಸಿಕೊಳ್ಳಲು ಬಡಿಯುತ್ತಿದ್ದವನು ಸುಮ್ಮನೆ ಯಾಕೆ ನಿಲ್ಲಿಸುತ್ತಾನೆ? ನೀನು ಹೋದರೆ ಗೋಡೆ ಕಡೆ ತಿರುಗುತ್ತಾನೆ, ಹೆಂಡತಿ ಹೋದರೂ ತಿರುಗುತ್ತಾನಾ? ಔಷಧಿಯ ಮಂಪರಾದರೆ ಎಲ್ಲರಿಗೂ ಒಂದೇ ಥರ ಇರಬೇಕಲ್ಲ. ಅವನಿಗೆ ಗೊತ್ತಿದ್ದು, ಹೆಂಡತಿ ನಿನ್ನ ಕೈ ಹಿಡಿದುಕೊಂಡಾಗ ನೋಡುತ್ತಾ ಸುಮ್ಮನೆ ಮಲಗಿದ್ದರೆ, ಅವನು ಇನ್ನೂ ಒಳಗೇ ಇದ್ದಾನೆ ಮರಿ, ನೀನು ಇನ್ನೂ ಹೊರಗೇ ಇದ್ದೀಯ.

ನನಗೆ ಗೊತ್ತಿಲ್ಲ. ನಾನು ಹಗ್ಗವನ್ನೇ ಹಾವು ಅನ್ನುತ್ತಿರಬಹುದು. ಅದಕ್ಕೇ ಕೇಳುತ್ತಿದ್ದೇನೆ. ನಾಳೆಯೇ ಹೋಗು, ಅವನ ಹಾಸಿಗೆಯ ಪಕ್ಕ ಕೂರು. ಒಳಗಿದ್ದಾಗ ಹೊರಗಿನ ಮಾತು ಏನಾದರೂ ಕೇಳಿಸಿತ್ತಾ ಅಂತ ಕೇಳು. ಕೇಳಿಸಿತ್ತು ಅಂದರೆ ಅದು ನಾನೇ ಅನ್ನು. ಕೇಳಿಸಲಿಲ್ಲ ಅಂದರೆ ಏನಾಯಿತು ಅಂತ ನೀನೇ ಹೇಳು. ಅವನು ಬೈದರೆ ಬೈಸಿಕೋ, ಎದ್ದು ಬರಬೇಡ. ಅವನು ಏನಂದ ಅಂತ ನನಗೆ ಬರಿ. ಹಿಡಿಯ ವಿಷಯದಲ್ಲಿ ನೋಡದೆ ಬರೆದೆ. ಈ ಸಲ ನೋಡಿಯೇ ಬರಿ.

ಅಕ್ಕ